ಅಜ್ಜಂಪುರಕ್ಕೆ ಒಂದು, ಕಡೂರಿಗೆ ಎರಡು

ಲಕ್ಕವಳ್ಳಿಯ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಕೂಗುವುದು ಬರಿಯ ಹೆಸರನ್ನು: ‘ತರೀಕೆರೆ, ತರೀಕೆರೆ, ತರೀಕೆರೆ!’ ಬಸ್ಸು ಹತ್ತಿ ಕೂತವರು ದುಡ್ಡು ಚಾಚುತ್ತ ಹೇಳುವುದು ಮಾತ್ರ ‘ತರೀಕೆರೆಗೆ ಒಂದು ಕೊಡಿ’ ಎಂದು. ತರೀಕೆರೆಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದವರು ‘ಕಡೂರಿಗೆ ಎರಡು’ ಎನ್ನುತ್ತಾರೆ. ಮತ್ತೊಂದು ದಿಕ್ಕಿನ ಬಸ್ಸಿನಲ್ಲಿ ‘ಅಜ್ಜಂಪುರಕ್ಕೆ ಒಂದು ಫುಲ್ಲು, ಒಂದು ಹಾಫು.’

ಊರು ಮೂರು, ಹೋಗುವ ಕೆಲಸ ಒಂದೇ. ಆದರೂ ನಾಲಿಗೆ ಮೂರು ಥರ ತಿರುಗುತ್ತದೆ: ಗೆ, ಇಗೆ, ಕ್ಕೆ. ಇದನ್ನು ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಯಾರಾದರೂ ‘ಅಜ್ಜಂಪುರಿಗೆ’ ಎಂದರೆ ಪಕ್ಕದಲ್ಲಿ ಕೂತ ಪುಟ್ಟ ಮಗುವೂ ತಿದ್ದುತ್ತದೆ. ಕೆರೆ ಎಂದು ಮುಗಿಯುವ ಹೆಸರು ಗೆ-ಯನ್ನು ಹಾಗೆಯೇ ತೆಗೆದುಕೊಳ್ಳುತ್ತದೆ. ಊರು ಎಂದು ಮುಗಿಯುವುದು ಕೊನೆಯ ಉಕಾರವನ್ನು ಬಿಟ್ಟು ಇಗೆ ಪಡೆಯುತ್ತದೆ. ಅದಕ್ಕೇ ಕಡೂರಿನ, ಕಡೂರಿನಲ್ಲಿ. ಪುರ ಎಂಬುದು ನಡುವೆ ದಕಾರ ಬೇಡುತ್ತದೆ: ಅಜ್ಜಂಪುರದ, ಅಜ್ಜಂಪುರದಲ್ಲಿ, ಚತುರ್ಥಿ ಬಂದಾಗ ಕ್ಕೆ. ನಮ್ಮ ಲಕ್ಕವಳ್ಳಿ ತರೀಕೆರೆಯ ಜೊತೆಗಾರ: ಲಕ್ಕವಳ್ಳಿಯ, ಲಕ್ಕವಳ್ಳಿಗೆ, ಲಕ್ಕವಳ್ಳಿಯಲ್ಲಿ.

ಭದ್ರೆಯ ದಂಡೆಯ ಈ ಊರಿಗೂ ಯುರೋಪಿನ ಹಳೆಯ ಭಾಷೆಯಾದ ಲ್ಯಾಟಿನ್‌ಗೂ ಏನು ಸಂಬಂಧ ಎನ್ನಿಸಬಹುದು. ಸಂಬಂಧ ಇದೆ, ಅದು ಗಾಢವಾಗಿಯೇ ಇದೆ. ಊರಿನ, ಮನುಷ್ಯನ ಹೆಸರು ಬಂದಾಗ ವ್ಯಾಕರಣ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಎರಡೂ ಭಾಷೆ ಬಹಳ ಕಾಳಜಿಯಿಂದ ಎದುರಿಸಿವೆ. ಚಿಕ್ಕಮಗಳೂರು ಸೀಮೆಯ ಊರುಗಳೇ ಲ್ಯಾಟಿನ್ ಪ್ರತ್ಯಯ ತೊಟ್ಟು ಲೋಕದ ಪುಸ್ತಕಗಳಲ್ಲಿ ಕೂತಿವೆ.

ರೋಮಿಗೆ ಹೋದವನು

ರೋಮನ್ನರ ಮಾತಿನಲ್ಲಿ ‘ರೋಮಾ’ ಅವರ ಊರು. ‘ರೋಮಮ್’ ಎಂದರೆ ರೋಮಿಗೆ, ‘ರೋಮೈ’ ಎಂದರೆ ರೋಮಿನಲ್ಲಿ. ಕಾಡಿಗೆ, ಹೊಲಕ್ಕೆ, ದೇಶಕ್ಕೆ ಹೋಗುವುದಾದರೆ ಲ್ಯಾಟಿನ್ ಆ ಪದದ ಹಿಂದೆ ಇನ್ನೊಂದು ಸಣ್ಣ ಪದ ಇಡುತ್ತಿತ್ತು. ಊರಿನ ಹೆಸರಿಗೆ ಆ ಊರುಗೋಲು ಬೇಡ. ಕೊನೆ ಬದಲಾದರೆ ಸಾಕು. ಈ ಸಲುಗೆ ಊರುಗಳಿಗೂ ಸಣ್ಣ ದ್ವೀಪಗಳಿಗೂ ಇತ್ತು. ಅವುಗಳ ಜೊತೆಗೆ ಇನ್ನೂ ಒಂದೆರಡು ಸಾಮಾನ್ಯ ಪದಗಳಿಗಿತ್ತು. ‘ದೊಮುಸ್’ ಅಂದರೆ ಮನೆ, ‘ರೂಸ್’ ಅಂದರೆ ಹಳ್ಳಿಗಾಡು. ಬಹುಪಾಲು ನಾಮಪದಗಳು ಕಳೆದುಕೊಂಡಿದ್ದ ಸಪ್ತಮಿ ವಿಭಕ್ತಿಯ ಹಳೆಯ ರೂಪವನ್ನು ಊರು, ಮನೆ, ಹಳ್ಳಿಗಳು ಕಾಪಾಡಿಕೊಂಡವು. ದಿನವೂ ಬಾಯಲ್ಲಿ ಆಡಿದ್ದು ಸವೆಯಲಿಲ್ಲ, ಉಳಿಯಿತು.

ಆದರೆ ‘ರೋಮ್ ಎಂಬ ಪಟ್ಟಣದಲ್ಲಿ’ ಎನ್ನಬೇಕಾದರೆ ಆ ಸಲುಗೆ ಹೋಗುತ್ತಿತ್ತು. ಪಟ್ಟಣ ಎಂಬ ಪದ ನಡುವೆ ಬಂದ ಕೂಡಲೇ ‘ಇನ್’ ಎಂಬ ಊರುಗೋಲು ಬೇಕೇಬೇಕು. ನಮ್ಮ ಸರ್ಕಾರಿ ಕಾಗದಗಳನ್ನು ನೋಡಿ. ಜನ ‘ಲಕ್ಕವಳ್ಳಿಯಲ್ಲಿ’ ಎನ್ನುತ್ತಾರೆ. ಕಾಗದ ‘ಲಕ್ಕವಳ್ಳಿ ಗ್ರಾಮದಲ್ಲಿ’ ಎನ್ನುತ್ತದೆ. ಪ್ರತ್ಯಯ ಊರಿನಿಂದ ಜಾರಿ ಗ್ರಾಮಕ್ಕೆ ಅಂಟಿಕೊಂಡಿತು, ಊರಿನ ಹೆಸರು ಅಲುಗಾಡದೆ ನಿಂತಿತು. ತಪ್ಪೇನಲ್ಲ. ಆದರೆ ‘ಲಕ್ಕವಳ್ಳೀಲಿ ಮಳೆ’ ಎನ್ನುವಾಗ ಇರುವ ಹತ್ತಿರತನ ಅಲ್ಲಿಲ್ಲ.

ಹೊರಗಿನ ಹೆಸರನ್ನೂ ಕನ್ನಡ ಹೀಗೆಯೇ ಪಳಗಿಸುತ್ತದೆ. ಸಂಸ್ಕೃತದ ಗಂಗಾ ಇಲ್ಲಿ ಗಂಗೆ, ಭದ್ರಾ ಇಲ್ಲಿ ಭದ್ರೆ; ಕೊನೆಯ ಆಕಾರ ಎಕಾರವಾದ ಮೇಲೆ ಭದ್ರೆಯ, ಭದ್ರೆಗೆ, ಭದ್ರೆಯಲ್ಲಿ. ಲಂಡನ್ ಎಂಬ ವ್ಯಂಜನಾಂತ ಹೆಸರು ಬಂದರೆ ನಕಾರಕ್ಕೆ ಒತ್ತು ಕೊಟ್ಟು ‘ಲಂಡನ್ನಿಗೆ’ ಎನ್ನುತ್ತೇವೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಕೆಳಗಿನ ವಸಾಹತಿಗೆ ಎಂಜಿನಿಯರುಗಳು ಇಟ್ಟ ಹೆಸರು ‘ಭದ್ರಾ ರಿವರ್ ಪ್ರಾಜೆಕ್ಟ್’. ಜನ ಅದನ್ನು ಬಿ.ಆರ್.ಪಿ. ಮಾಡಿದರು, ಆಮೇಲೆ ‘ಬಿಆರ್‌ಪಿಗೆ ಹೋಗಿ ಬರ್ತೀನಿ’ ಎಂದು ವಿಭಕ್ತಿಯನ್ನೂ ಹಚ್ಚಿದರು. ಮೂರು ಇಂಗ್ಲಿಷ್ ಅಕ್ಷರ ಊರಾದದ್ದು ಆ ‘ಗೆ’ ಹತ್ತಿದ ದಿನ.

ಕೇಶಿರಾಜನ ಸೋದರಮಾವನ ಶಾಸನ

ಕನ್ನಡದ ಈ ನಡೆಯನ್ನು ಹಿಡಿದು ಬರೆದಿಟ್ಟವನು ಕೇಶಿರಾಜ. 1260ರ ಸುಮಾರಿಗೆ ರಚಿತವಾದ ‘ಶಬ್ದಮಣಿದರ್ಪಣ’ ಇಂದಿಗೂ ನಮ್ಮ ವ್ಯಾಕರಣ ಪಾಠದ ಬುನಾದಿ. ಸಮಾಸದಲ್ಲಿ ಎರಡನೆಯ ಪದದ ಮೊದಲಿನ ಪಕಾರ ವಕಾರವಾಗುವುದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಮೇಲ್ ಮತ್ತು ಪಾಸು ಸೇರಿ ಮೇಲ್ವಾಸು, ಬೆಮರ್ ಮತ್ತು ಪನಿ ಸೇರಿ ಬೆಮರ್ವನಿ. ಅದೇ ಕಣ್ಣಿನಿಂದ ಲಕ್ಕವಳ್ಳಿಯನ್ನು ನೋಡಿ. ಹಳ್ಳಿಯ ಹಳೆಯ ರೂಪ ಪಳ್ಳಿ. ಒಂಟಿಯಾಗಿ ನಿಂತಲ್ಲಿ ಪಕಾರ ಹಕಾರವಾಗಿ ಹಳ್ಳಿಯಾಯಿತು. ಹೆಸರಿನ ಒಡಲಿಗೆ ಸೇರಿಕೊಂಡಲ್ಲಿ ಅದು ವಳ್ಳಿ. ಊರಿನ ಬೋರ್ಡಿನ ಮೇಲಿನ ನಾಲ್ಕು ಅಕ್ಷರದಲ್ಲಿ ಆದೇಶ ಸಂಧಿಯ ಪಾಠವೊಂದು ಇಡಿಯಾಗಿ ಕೂತಿದೆ.

ಕೇಶಿರಾಜನನ್ನು ಈ ನೆಲಕ್ಕೆ ಕಟ್ಟುವ ಎಳೆ ಇನ್ನೂ ಒಂದಿದೆ. ಅವನ ಸೋದರಮಾವ ಕವಿಚಕ್ರವರ್ತಿ ಜನ್ನ. ತರೀಕೆರೆಗೆ ಹತ್ತಿರದ ಅಮೃತಾಪುರದಲ್ಲಿ ಅಮೃತೇಶ್ವರ ದೇವಾಲಯವಿದೆ. ಹೊಯ್ಸಳ ವೀರಬಲ್ಲಾಳನ ದಂಡನಾಯಕನೊಬ್ಬ 1196ರಲ್ಲಿ ಕಟ್ಟಿಸಿದ್ದು. ಅಲ್ಲಿನ ಶಾಸನದ ಕವಿ ಜನ್ನ. ಹೆಸರುಗಳ ನಡೆಯನ್ನು ಸೂತ್ರದಲ್ಲಿ ಹಿಡಿದ ಸೋದರಳಿಯ, ಹೆಸರುಗಳನ್ನು ಕಲ್ಲಿನ ಮೇಲೆ ಪದ್ಯವಾಗಿಸಿದ ಸೋದರಮಾವ.

ಆ ದಂಡನಾಯಕನ ಹೆಸರೂ ಅಮೃತೇಶ್ವರನೇ. ಒಬ್ಬನ ಹೆಸರು ದೇವರಿಗೂ ಹೋಯಿತು, ಊರಿಗೂ ಹೋಯಿತು. ಲೋಕದ ಎಲ್ಲ ಕಡೆ ದೊರೆಗಳು ಮಾಡಿದ್ದು ಇದನ್ನೇ. ಕಾನ್‌ಸ್ಟಂಟೀನ್ ಚಕ್ರವರ್ತಿ ತನ್ನ ಹೆಸರಿಗೆ ಗ್ರೀಕರ ‘ಪೊಲಿಸ್’ ಸೇರಿಸಿ ಕಾನ್‌ಸ್ಟಾಂಟಿನೋಪಲ್ ಮಾಡಿದ. ಇಲ್ಲಿ ದಂಡನಾಯಕ ‘ಪುರ’ ಸೇರಿಸಿದ. ಪ್ರತ್ಯಯ ಮಾತ್ರ ಮನುಷ್ಯನನ್ನೂ ಊರನ್ನೂ ಬೇರ್ಪಡಿಸುತ್ತದೆ. ಅಮೃತೇಶ್ವರ, ಅಮೃತಾಪುರ ಎರಡೂ ಅಕಾರದಲ್ಲಿಯೇ ಮುಗಿಯುತ್ತವೆ. ಹೂವು ಏರಿಸುವುದು ಅಮೃತೇಶ್ವರನಿಗೆ, ಬಸ್ಸು ಹೋಗುವುದು ಅಮೃತಾಪುರಕ್ಕೆ. ನಿಗೆ ಎಂದರೆ ಅಲ್ಲೊಬ್ಬ ಇದ್ದಾನೆ. ಕ್ಕೆ ಎಂದರೆ ಅಲ್ಲೊಂದು ನೆಲ ಇದೆ.

ಕೊಟ್ಟಿಗೆಹಾರದ ಕಪ್ಪೆ

ಈಗ ಲ್ಯಾಟಿನ್ ನಮ್ಮ ಬೆಟ್ಟ ಹತ್ತಿದ ಕಥೆ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಗಿಡಗಳಿಗೆ, 1758ರಲ್ಲಿ ಪ್ರಾಣಿಗಳಿಗೆ ಎರಡು ಪದದ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದ. ಮೊದಲ ಪದ ಕುಲ, ಎರಡನೆಯದು ಪ್ರಭೇದ. ಮಾತೃಭಾಷೆ ಯಾವುದೇ ಇರಲಿ, ಹೆಸರು ಲ್ಯಾಟಿನ್ ವ್ಯಾಕರಣಕ್ಕೆ ತಲೆಬಾಗಬೇಕು. ಜೀವಿ ಸಿಕ್ಕಿದ ಊರನ್ನು ಹೇಳಬೇಕಾದರೆ ಊರಿನ ಹೆಸರಿಗೆ ‘ಎನ್ಸಿಸ್’ ಹಚ್ಚುವುದು ರೂಢಿ. ಅದರ ಅರ್ಥ ‘ಆ ಊರಿನದು’. ನಮ್ಮಲ್ಲಿ ಕನ್ನಡಿಗ, ಮಲೆನಾಡಿಗ ಎನ್ನುವಾಗ ಬರುವ ‘ಇಗ’ ಎಂಬ ತದ್ಧಿತ ಪ್ರತ್ಯಯ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ.

ಈ ಪ್ರತ್ಯಯಕ್ಕೆ ಲಿಂಗವಿದೆ. ಬೇಲಿಯ ಮೇಲಿಂದ ಹಳದಿ ಕೆಂಪು ಹೂವಿನ ಮಾಲೆ ಇಳಿಬಿಡುವ ಘಟ್ಟದ ಬಳ್ಳಿಯೊಂದಿದೆ. ಅದರ ಹೆಸರು ಥುನ್‌ಬರ್ಗಿಯ ಮೈಸೊರೆನ್ಸಿಸ್. ಅದೇ ಘಟ್ಟದ ಮರಗಳ ಮೇಲೆ ಬೆಳೆಯುವ ಒಂದು ಸೀತಾಳೆ ಗಿಡ ಬಲ್ಬೊಫಿಲ್ಲಮ್ ಮೈಸೊರೆನ್ಸೆ. ಎರಡಕ್ಕೂ ಊರು ಮೈಸೂರೇ. ಮೊದಲ ಕುಲನಾಮ ಸ್ತ್ರೀಲಿಂಗ, ಎರಡನೆಯದು ನಪುಂಸಕ. ಅದಕ್ಕೆ ಒಂದರಲ್ಲಿ ಎನ್ಸಿಸ್, ಇನ್ನೊಂದರಲ್ಲಿ ಎನ್ಸೆ. ಹುಡುಗಿ ಬಂದಳು, ಮಳೆ ಬಂತು ಎಂದು ನಾವು ಕ್ರಿಯಾಪದದಲ್ಲಿ ತೋರುವ ಹೊಂದಾಣಿಕೆಯನ್ನು ಲ್ಯಾಟಿನ್ ವಿಶೇಷಣದಲ್ಲಿ ತೋರುತ್ತದೆ. ಮರಗಳನ್ನು ಲ್ಯಾಟಿನ್ ಸಾಮಾನ್ಯವಾಗಿ ಹೆಣ್ಣೆಂದೇ ಕಾಣುತ್ತದೆ. ನಮ್ಮ ಅರಳಿ ‘ಫೈಕಸ್ ರಿಲಿಜಿಯೋಸ’ ಆದದ್ದು ಆ ಕಾರಣಕ್ಕೆ: ಫೈಕಸ್ ಗಂಡು ಹೆಸರಿನ ಹಾಗೆ ಕೇಳಿಸಿದರೂ ಅದರ ವಿಶೇಷಣ ಸ್ತ್ರೀಲಿಂಗದ್ದು.

1937ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣರಾವ್ ದಕ್ಷಿಣ ಭಾರತದ ಹೊಸ ಕಪ್ಪೆಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಚಾರ್ಮಾಡಿ ಘಾಟಿಯ ನೆತ್ತಿಯ ಕೊಟ್ಟಿಗೆಹಾರದಲ್ಲಿ ಸಿಕ್ಕಿದ ಒಂದು ಪುಟ್ಟ ಕಪ್ಪೆಗೆ ಅವರು ಆ ಊರಿನ ಹೆಸರನ್ನೇ ಇಟ್ಟರು. ಇಂದು ಅದು ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ತೊರೆಯ ಬಂಡೆಯ ಮೇಲೆ ಕೂತು ಹಿಂಗಾಲು ಚಾಚಿ ಬೀಸುವ ‘ಕುಣಿಯುವ ಕಪ್ಪೆ’ಗಳ ಬಳಗಕ್ಕೆ ಸೇರಿದ್ದು. ಕಪ್ಪೆ ಸಿಕ್ಕಿದ ಜಾಗವನ್ನು ಅವರು ಕೊಟ್ಟಿಗೆಹಾರ, ಕಡೂರು, ಮೈಸೂರು ಸಂಸ್ಥಾನ ಎಂದು ಗುರುತಿಸಿದರು.

ಇಂದು ಆ ‘ಕಡೂರು’ ಓದಿದ ಹೊಸಬರು ಎಡವುವುದು ಖಂಡಿತ. ಕಡೂರು ತಾಲ್ಲೂಕು ಬಯಲುಸೀಮೆ; ರಾಗಿ, ತೆಂಗು, ಕೆರೆಗಳ ನಾಡು. ತೊರೆಯ ತುಂತುರಿಲ್ಲದೆ ಬದುಕಲಾರದ ಕಪ್ಪೆ ಅಲ್ಲಿ ಎಲ್ಲಿ ಸಿಗಬೇಕು? ಉತ್ತರ ಆಡಳಿತದ ಚರಿತ್ರೆಯಲ್ಲಿದೆ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಇದ್ದ ಹೆಸರು ಕಡೂರು ಜಿಲ್ಲೆ. ಬಿ.ಎಲ್. ರೈಸ್ ತರೀಕೆರೆಯ ಶಾಸನಗಳನ್ನೂ ಸೇರಿಸಿ 1901ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟವೂ ಕಡೂರು ಜಿಲ್ಲೆಯದೆಂದೇ ಅಚ್ಚಾಗಿದೆ. ರಾಯರು ಬರೆದದ್ದು ಜಿಲ್ಲೆಯ ಹೆಸರು, ಅದು ತಾಲ್ಲೂಕಲ್ಲ.

ಇದೇಕೆ ದೊಡ್ಡ ಮಾತು? ರಾಯರು ಹೆಸರಿಡಲು ಬಳಸಿದ ಮೂಲ ಕಪ್ಪೆಗಳ ಮಾದರಿಗಳು ಆಮೇಲೆ ಕಳೆದುಹೋದವು. ಗಾಜಿನ ಜಾಡಿ ಹೋಯಿತು, ಕಪ್ಪೆ ಹೋಯಿತು. ಮುಂದೆ ಹುಡುಕಿ ಹೊರಟವರ ಕೈಯಲ್ಲಿ ಅವರ ಬರಹ ಉಳಿದಿತ್ತು, ಎಲ್ಲಿಗೆ ಹೋಗಬೇಕೆಂದು ಹೇಳಲು ಊರಿನ ಹೆಸರು ಉಳಿದಿತ್ತು. ಆ ಎನ್ಸಿಸ್ ಮುಂದಿನ ಪೀಳಿಗೆಗೆ ದಾರಿ ತೋರಿದ ಕೈಮರ. ಊರಿನ ಹೆಸರನ್ನು ಸರಿಯಾಗಿ ಬರೆದಿಡುವುದು ಎಷ್ಟು ಬೆಲೆಯ ಕೆಲಸ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಲ್ಯಾಟಿನ್ನಿನ ಈ ರೂಢಿ ಕಾಡಿಗಷ್ಟೇ ಸೀಮಿತವಲ್ಲ. ಕ್ಯಾಥೊಲಿಕ್ ಚರ್ಚು 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವನ್ನು ಸ್ಥಾಪಿಸಿದಾಗ ಅದರ ಲ್ಯಾಟಿನ್ ಹೆಸರಿಗೂ ಎನ್ಸಿಸ್ ಸೇರಿತು. ಸಖರಾಯಪಟ್ಟಣದ ದೊರೆ ಚಿಕ್ಕ ಮಗಳಿಗೆ ಬಳುವಳಿ ಕೊಟ್ಟ ಊರು ಎಂಬುದು ಚಿಕ್ಕಮಗಳೂರಿನ ಬಗ್ಗೆ ಜನ ಹೇಳುವ ಕಥೆ. ‘ಮಗಳ’ ಎಂಬ ಕನ್ನಡದ ಷಷ್ಠಿ ವಿಭಕ್ತಿಯನ್ನು ಒಡಲಲ್ಲಿಟ್ಟುಕೊಂಡೇ ಆ ಹೆಸರು ರೋಮಿನ ದಫ್ತರಕ್ಕೆ ಹೋಯಿತು.

ಬಾಗದೆ ನಿಂತ ಹೆಸರು

ಈಚಿನ ವರ್ಷಗಳಲ್ಲಿ ಇನ್ನೊಂದು ಬದಲಾವಣೆ ಕಾಣುತ್ತಿದೆ. 2009ರಲ್ಲಿ ನಮ್ಮ ಜಿಲ್ಲೆಯದೇ ಒಂದು ನೀರುಗಪ್ಪೆಗೆ ‘ಯೂಫ್ಲಿಕ್ಟಿಸ್ ಮೂಡಿಗೆರೆ’ ಎಂದು ಹೆಸರಿಟ್ಟರು. ಎನ್ಸಿಸ್ ಇಲ್ಲ, ಬರಿಯ ಮೂಡಿಗೆರೆ. ಅದೇ ಪ್ರಬಂಧದ ಇನ್ನೊಂದು ಕಪ್ಪೆಗೆ ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನ ನೆನಪಿನಲ್ಲಿ ‘ಅಲೋಶಿಯೈ’ ಎಂಬ ಷಷ್ಠಿ ರೂಪ ಬಂತು. ಒಂದೇ ಲೇಖನದಲ್ಲಿ ಒಂದು ಹೆಸರು ಬಾಗಿತು, ಇನ್ನೊಂದು ನೆಟ್ಟಗೆ ನಿಂತಿತು. ವ್ಯಾಕರಣ ಎರಡನ್ನೂ ಒಪ್ಪುತ್ತದೆ. ಪಕ್ಕದಲ್ಲಿ ಇಟ್ಟ ನಾಮಪದ ಲಿಂಗಕ್ಕೆ ಹೊಂದಬೇಕಿಲ್ಲ, ರೂಪ ಬದಲಿಸಬೇಕಿಲ್ಲ.

ಆ ದಾರಿಯಲ್ಲಿ ಹಲವು ಹೆಸರು ಬಂದವು. ಜೋಗದ ಕಪ್ಪೆಗೆ ‘ಜೋಗ್’. ಮೊಟ್ಟೆಗಳ ಮೇಲೆ ಕೆಸರು ಮೆತ್ತುವ ಕಪ್ಪೆಗೆ 2014ರಲ್ಲಿ ‘ಕುಂಬಾರ’. 2018ರಲ್ಲಿ ಮಂಗಳೂರಿನ ಕಪ್ಪೆಯೊಂದಕ್ಕೆ, ಕೊಂಕಣಿಗರು ಆ ಊರನ್ನು ಕರೆಯುವ ‘ಕೊಡಿಯಾಲ್’. 2020ರಲ್ಲಿ ‘ಸ್ಫೆರೊಥೆಕ ಬೆಂಗಳೂರು’. ಎಂಬತ್ತು ವರ್ಷದ ಹಿಂದೆ ಇದು ಬೆಂಗಳೂರೆನ್ಸಿಸ್ ಆಗುತ್ತಿತ್ತೋ ಏನೋ. ಈಗ ಜನರ ಬಾಯಿಯ ರೂಪವೇ ಲೋಕದ ದಾಖಲೆಗೆ ಹೋಗಿ ಕೂತಿದೆ.

ಎರಡರಲ್ಲಿ ಯಾವುದು ಮೇಲು? ನನಗೆ ಎರಡೂ ಬೇಕು. ಎನ್ಸಿಸ್ ಹಚ್ಚಿದಾಗ ಹೆಸರಿಗೆ ಪರಭಾಷೆಯ ಮನೆಯಲ್ಲಿ ಹಾಸಿಗೆ ಹಾಸಿ ಕೊಟ್ಟಂತೆ. ಹಚ್ಚದೆ ಬಿಟ್ಟಾಗ ಊರು ತನ್ನ ಬಟ್ಟೆಯಲ್ಲಿಯೇ ಸಭೆಗೆ ಹೋದಂತೆ. ಎರಡಕ್ಕೂ ಮೊದಲು ಬೇಕಾದದ್ದು ಊರಿನ ಹೆಸರು ತಿಳಿದಿರುವುದು.

ಕವಲು ಮರದ ಕೇರಿ

ಜನರ ಹೆಸರಿಗೂ ಲ್ಯಾಟಿನ್ ಇಷ್ಟೇ ಶ್ರದ್ಧೆ ತೋರುತ್ತದೆ. ಗಂಡಸಿನ ನೆನಪಿಗೆ ಪ್ರಭೇದನಾಮದ ಕೊನೆಯಲ್ಲಿ ‘ಐ’, ಹೆಂಗಸಿನ ನೆನಪಿಗೆ ‘ಏ’, ಹಲವರಿಗಾದರೆ ‘ಓರಂ’. ನಮ್ಮ ರಾಮನ, ಸೀತೆಯ, ಅವರ ಎಂಬುದಕ್ಕೆ ಸಮ. ಕುಲಕ್ಕೇ ಒಬ್ಬರ ಹೆಸರಿಟ್ಟರೆ ಬಹಳ ಮಟ್ಟಿಗೆ ‘ಇಯ’ ಸೇರಿ ಹೆಣ್ಣು ಹೆಸರಾಗುತ್ತದೆ. ಲಕ್ಕವಳ್ಳಿಯ ಸುತ್ತಿನ ಭದ್ರಾ ಕಾಡಿನ ಬೀಟೆ ಮರ ‘ಡಾಲ್ಬರ್ಜಿಯ’, ಸ್ವೀಡನ್ನಿನ ಡಾಲ್ಬರ್ಗ್ ಸೋದರರ ನೆನಪು. ನಂದಿ ಮರ ‘ಲೇಗರ್‌ಸ್ಟ್ರೋಮಿಯ’, ಲಿನೇಯಸನ ಗೆಳೆಯನೊಬ್ಬನ ಹೆಸರು. ಎರಡು ಹೋಳಾದ ಎಲೆಯ ಮಂದಾರದ ಕುಲ ‘ಬಹೀನಿಯ’. ಬೌಹಿನ್ ಎಂಬ ಅಣ್ಣತಮ್ಮಂದಿರಿಬ್ಬರಿಗೆ ಆ ಜೋಡಿ ಎಲೆ ಸಂದಿತು.

ಇವೆಲ್ಲಕ್ಕಿಂತ ನನಗೆ ಹತ್ತಿರವಾದದ್ದು ಕವಲು ಮರ. ಬೇಸಿಗೆಯ ಬೆಂಕಿಗೂ ಬಗ್ಗದ, ದಪ್ಪ ತೊಗಟೆಯ ಮರ ಅದು. ಅದರ ಲ್ಯಾಟಿನ್ ಹೆಸರು ‘ಕೇರಿಯ ಅರ್ಬೋರಿಯ’. ರಾಕ್ಸ್‌ಬರ್ಗ್ ಎಂಬ ಸಸ್ಯಶಾಸ್ತ್ರಜ್ಞ ತನ್ನ ಗೆಳೆಯ ವಿಲಿಯಂ ಕೇರಿಯ ಗೌರವಕ್ಕೆ ಇಟ್ಟದ್ದು. ಬಂಗಾಳದ ಶ್ರೀರಾಮಪುರದಲ್ಲಿದ್ದ ಅದೇ ಕೇರಿ 1817ರಲ್ಲಿ ಕನ್ನಡ ಭಾಷೆಯ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದ. ಕನ್ನಡ ಅಚ್ಚಕ್ಷರದ ಆರಂಭ ಕಾಲದ ಪುಸ್ತಕಗಳಲ್ಲಿ ಅದೂ ಒಂದು. ಊರಿಗೆ, ಊರಿನ, ಊರಿನಲ್ಲಿ ಎಂಬುದರ ಗುಟ್ಟನ್ನು ಹೊರನಾಡಿನವರಿಗೆ ಬಿಡಿಸಿ ಹೇಳಲು ಕೂತವನ ಹೆಸರು ನಮ್ಮ ಕಾಡಿನ ಮರದಲ್ಲಿ ಲ್ಯಾಟಿನ್ ಪ್ರತ್ಯಯದ ಜೊತೆ ಉಳಿದಿದೆ.

ಕನ್ನಡದಲ್ಲಿ ಮನುಷ್ಯನ ಹೆಸರು ಊರನ್ನು ಹೊತ್ತೇ ನಡೆಯುತ್ತದೆ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ: ಊರು, ಅಪ್ಪ, ತಾನು. ಇಲ್ಲಿ ಊರಿಗೆ ಪ್ರತ್ಯಯವಿಲ್ಲ. ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್, ಅಂದರೆ ತ.ರಾ.ಸು. ಅವರ ಹೆಸರಿನಲ್ಲಿ ಊರು ಷಷ್ಠಿಯಲ್ಲಿದೆ. ಊರು ತಳುಕು; ಹೆಸರು ತಳುಕಿನ. ರೋಮನ್ ಇತಿಹಾಸಕಾರ ಲಿವಿಯನ್ನೂ ಅವನ ಊರು ಪದುವದ ಹೆಸರು ಸೇರಿಸಿ ‘ಪದುವದವನು’ ಎಂದೇ ಗುರುತಿಸುತ್ತಿದ್ದರು. ಮನುಷ್ಯ ಎಲ್ಲಿಯವನು ಎಂದು ಕೇಳದೆ ಅವನನ್ನು ಪೂರ್ತಿ ತಿಳಿಯಲಾಗದು ಎಂಬ ನಂಬಿಕೆ ಎರಡೂ ಕಡೆಯದು. ಈಗ ಅರ್ಜಿಗಳು ಮೊದಲ ಹೆಸರು, ಕೊನೆಯ ಹೆಸರು ಎಂದು ಕೇಳುತ್ತವೆ. ಊರಿಗೆ ಅಲ್ಲಿ ಜಾಗವಿಲ್ಲ. ಒಂದು ಇಂಗ್ಲಿಷ್ ಇನಿಶಿಯಲ್ ಆಗಿ ಕುಗ್ಗಿ, ಆಮೇಲೆ ಅದೂ ಬಿದ್ದುಹೋಗುತ್ತದೆ.

ವಿಭಕ್ತಿ ಕಳೆದುಕೊಂಡ ಊರುಗಳು

ಲಕ್ಕವಳ್ಳಿಯ ಅಣೆಕಟ್ಟೆಯ ಮೇಲೆ ನಿಂತರೆ ಕಾಣುವುದು ನೀರು, ನಡುಗಡ್ಡೆ, ದೂರದ ಗಿರಿಸಾಲು. 186 ಅಡಿಯ ಈ ಜಲಾಶಯ ತುಂಬಿದ ಸುದ್ದಿಗೆ ದಾವಣಗೆರೆಯವರೆಗಿನ ರೈತರು ಕಿವಿ ತೆರೆದು ಕಾಯುತ್ತಾರೆ. ಆ ನೀರು ಲಕ್ಷಾಂತರ ಎಕರೆಗೆ ಅನ್ನ ಕೊಟ್ಟಿದೆ. ಅದೇ ನೀರಿನ ಕೆಳಗೆ ಗದ್ದೆಗಳಿದ್ದವು, ಹಾದಿಗಳಿದ್ದವು, ಅವಕ್ಕೆ ಹೆಸರುಗಳಿದ್ದವು. ಈ ಶತಮಾನದ ಮೊದಲ ವರ್ಷಗಳಲ್ಲಿ ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳಿಂದ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದವು. ಬಹಳಷ್ಟು ಮಂದಿ ನೆಲೆಸಿದ್ದು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ. ಅದು ಮಳಲಿ ಚನ್ನೇನಹಳ್ಳಿ. ಅಲ್ಲಿಯೂ ಹೆಸರು ಎರಡು ಇಂಗ್ಲಿಷ್ ಅಕ್ಷರಕ್ಕೆ ಇಳಿದಿದೆ. ಶಾಲೆ, ರಸ್ತೆ, ಕರೆಂಟು ಸಿಕ್ಕಿದ್ದು ಒಳ್ಳೆಯದೇ. ಹುಲಿಗೂ ಕಾಡು ಸಿಕ್ಕಿತು. ಆದರೆ ಬಿಟ್ಟು ಬಂದ ಹಳ್ಳಿಗೆ ಈಗ ಯಾರೂ ‘ಗೆ’ ಹಚ್ಚುವುದಿಲ್ಲ, ‘ಇಂದ’ ಮಾತ್ರ ಹಚ್ಚುತ್ತಾರೆ. ‘ಅಲ್ಲಿಂದ ಬಂದವರು ನಾವು.’ ಆ ‘ಇಂದ’ ಒಂದನ್ನೇ ಉಳಿಸಿಕೊಂಡ ಹೆಸರು ಆ ಪೀಳಿಗೆಯ ಜೊತೆಗೆ ಮುಗಿಯುತ್ತದೆ.

ಒಂದು ಹೆಸರು ಬದುಕಿದೆಯೇ ಎಂದು ತಿಳಿಯಲು ಇದೇ ಪರೀಕ್ಷೆ. ಅದಕ್ಕೆ ಜನ ಯಾವ ಯಾವ ಪ್ರತ್ಯಯ ಹಚ್ಚುತ್ತಾರೆ ನೋಡಿ. ಅಲ್ಲಿಗೆ ಹೋಗುವವರಿರಬೇಕು, ಅಲ್ಲಿ ಇರುವವರಿರಬೇಕು, ಅಲ್ಲಿಯದು ಎಂದು ಹೇಳಿಕೊಳ್ಳುವ ಹಣ್ಣೋ ಹಾಡೋ ಕಪ್ಪೆಯೋ ಇರಬೇಕು. ರೋಮನ್ನರ ಸಪ್ತಮಿ ಊರಿನ ಹೆಸರಿನಲ್ಲಿ ಉಳಿದದ್ದು, ಕೊಟ್ಟಿಗೆಹಾರದ ಕಪ್ಪೆಗೆ ಮತ್ತೆ ದಾರಿ ಸಿಕ್ಕಿದ್ದು ಆ ಬಲದಿಂದ.

ಆದ್ದರಿಂದ ಲಕ್ಕವಳ್ಳಿ, ತರೀಕೆರೆ, ಅಜ್ಜಂಪುರ, ಕಡೂರು ಸೀಮೆಯ ಶಾಲೆಗಳ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ವಿಭಕ್ತಿ ಪಾಠ ಬಂದಾಗ ‘ರಾಮನು, ರಾಮನನ್ನು’ ಜೊತೆಗೆ ಮಕ್ಕಳ ಊರಿನ ಹೆಸರನ್ನೂ ಹೇಳಿಸಿ. ಊರಿನ ಕೆರೆ, ಹಳ್ಳ, ಗುಡ್ಡ, ಗದ್ದೆಬಯಲು, ಮರ ಇವುಗಳ ಹೆಸರನ್ನು ಅಜ್ಜಿ ತಾತಂದಿರಿಂದ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ; ತಾಲ್ಲೂಕು, ಜಿಲ್ಲೆ, ತಾರೀಖು ತಪ್ಪದೆ ಹಾಕಿಸಿ. ನಾಳೆ ಭದ್ರೆಯ ಕಾಡಿನಲ್ಲಿ ಯಾವುದೋ ಹೊಸ ಜೀವಿ ಸಿಕ್ಕಿ, ಹೆಸರಿಡುವವರು ಇದು ಯಾವ ಊರು ಎಂದು ಕೇಳಿದರೆ, ಹೇಳುವುದಕ್ಕೆ ಆ ಮಕ್ಕಳ ನೋಟ್‌ಬುಕ್ಕು ಇರಲಿ.